ಹೆಂಡತಿ ಹೆಸರಿಗೊಂದು ಹಾಡು

ಹೆಂಡತಿಯ ಹೆಸರು ಸೇರಿಸಿ ಹಾಡು ಕಟ್ಟಿಕೊಡುವ ಆ್ಯಪ್‌ಗಳು ಬಂದಿವೆ. ನಮ್ಮ ಮಂಡ್ಯ ಸೀಮೆಗೆ ಇದೇನು ಹೊಸದೇ? ನಾಗಮಂಗಲದ ಕಡೆಯ ಮದುವೆ ಮನೆಗೆ ಹೋಗಿ ನೋಡಿ. ಸೋಬಾನೆ ಹೇಳುವ ಹೆಂಗಸರು ಗಂಡು-ಹೆಣ್ಣಿನ ಹೆಸರನ್ನು ನಿಂತ ನಿಲುವಿನಲ್ಲೇ ಪದಕ್ಕೆ ಸೇರಿಸುತ್ತಾರೆ. ಬೀಗರು ಬಿಗಿದುಕೊಂಡರೆ ಅವರ ಮೀಸೆಯನ್ನೂ ಬಿಡುವುದಿಲ್ಲ. ಚಾರ್ಜರ್ ಬೇಡ, ಎಲೆ-ಅಡಿಕೆ ಸಾಕು.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲೇ ‘ಮೈಸೂರು ಮಲ್ಲಿಗೆ’ ಕವನ ಸಂಕಲನ ಕೊಟ್ಟು ನಾಡಿನ ಗಂಡಂದಿರ ಕೆಲಸ ಹಗುರ ಮಾಡಿದರು. ಆದರೆ ಹಾಡುವಾಗ ಎಚ್ಚರ! ಅದರಲ್ಲಿ ಬರುವ ಪದುಮಳ ಜಾಗಕ್ಕೆ ನಿಮ್ಮವಳ ಹೆಸರು ಹಾಕಲು ಮರೆತಿರೋ, ‘ಯಾರ್ರೀ ಅವ್ಳು ಪದುಮ?’ ಎಂಬ ವಿಚಾರಣೆ ಬೆಳಗಿನವರೆಗೂ ನಡೆದೀತು.

ಧೈರ್ಯವಿದ್ದವರು ಹಾಡನ್ನು ಪೆನ್‌ಡ್ರೈವಿಗೆ ಹಾಕಿ, ಪಾಂಡವಪುರಕ್ಕೆ ಕಬ್ಬು ಹೊರುವ ಟ್ರ್ಯಾಕ್ಟರಿನವನಿಗೆ ಕೊಡಬಹುದು. ಮನೆ ಮುಂದೆ ಬಂದಾಗ ಅವನು ಹಾಕುತ್ತಾನೆ, ಶ್ರೀರಂಗಪಟ್ಟಣದವರೆಗೂ ಕೇಳಿಸುತ್ತದೆ. ‘ಯಾವನ್ರೀ ಅವ್ನು, ನನ್ನೆಸ್ರ ಊರ್ಗೆಲ್ಲಾ ಸಾರ್ಕೊಂಡ್ ಹೋಯ್ತಾವ್ನೆ?’ ಎಂದು ಆಕೆ ಪೊರಕೆ ಹಿಡಿದು ಬಂದರೆ, ಹಾಡು ಬರೆದವರು ಯಾರೆಂದು ಬಾಯಿ ಬಿಡಬೇಡಿ.

ಇದ್ಯಾವುದೂ ಆಗದವರಿಗೆ ಮೇಲುಕೋಟೆಯ ಪುಳಿಯೋಗರೆ ಇದೆ. ಕಟ್ಟಿಸಿಕೊಂಡು ಹೋದರೆ ಮುಗಿಯಿತು, ಶ್ರುತಿ ಹಿಡಿಯುವ ತಾಪತ್ರಯವಿಲ್ಲ.