ಹೆಬ್ಬೆರಳಿನ ದಾಕ್ಷಿಣ್ಯ

ಕಾರ್ ರೇಸಿನ ಹುಚ್ಚು ಹತ್ತಿದ ಗೆಳೆಯರ ಗುಂಪಿನಲ್ಲಿ ಕಾರು ಓಡಿಸದವನೊಬ್ಬ ಇರಲೇಬೇಕು. ನಮ್ಮ ಗುಂಪಿನಲ್ಲಿ ಆ ಸ್ಥಾನ ನನ್ನದು. ಬೆಂಗಳೂರಿನವರಿಗೆ ಈ ಹುಚ್ಚು ತೀರಿಸಿಕೊಳ್ಳಲು ತಮಿಳುನಾಡೇ ಗತಿ: ಒಂದೋ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಸರ್ಕಿಟ್, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಟ್ರ್ಯಾಕ್ ಡೇ ಇದೆಯೆಂದರೆ ನಡುರಾತ್ರಿಯೇ ಹೊರಡಬೇಕು. ಅಲ್ಲಿ ಅವರು ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋದರೆ, ನಾನು ಬಟ್ಟೆಯ ಟೋಪಿ ಹಾಕಿಕೊಂಡು ಪಿಟ್ ಗೋಡೆಯ ಪಕ್ಕ ನಿಂತು ಸ್ಟಾಪ್‌ವಾಚ್ ಒತ್ತುತ್ತಿದ್ದೆ.

ಗತ್ತಿನ ಉದ್ಯೋಗ ಅದು. ಮದ್ರಾಸ್ ಸರ್ಕಿಟ್ಟಿನ ಒಂದು ಸುತ್ತೆಂದರೆ 3.717 ಕಿಲೋಮೀಟರ್. ಅಷ್ಟನ್ನೂ ಸುತ್ತಿ ಬೆವರಿಳಿಸಿಕೊಂಡು ಬಂದವನ ಮಾನ ನನ್ನ ಹೆಬ್ಬೆರಳಿನ ತುದಿಯಲ್ಲಿರುತ್ತಿತ್ತು. ಕಾರು ಗೆರೆ ದಾಟಿದ್ದನ್ನು ಕಣ್ಣು ಕಂಡು, ಮಿದುಳಿಗೆ ಮುಟ್ಟಿಸಿ, ಅಲ್ಲಿಂದ ಬೆರಳಿಗೆ ಆಜ್ಞೆ ಬರುವಷ್ಟರಲ್ಲಿ ಸೆಕೆಂಡಿನ ಕಾಲುಭಾಗ ಹೋಗಿಯೇ ಹೋಗುತ್ತದೆ. ಆ ಕಾಲುಭಾಗವನ್ನು ಯಾರಿಗೆ ಮುರಿಯಬೇಕು, ಯಾರಿಗೆ ಹೇರಬೇಕು ಎನ್ನುವುದು ಆಂಬೂರಿನಲ್ಲಿ ಬಿರಿಯಾನಿಯ ಬಿಲ್ಲು ಕೊಟ್ಟವರು ಯಾರು ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಹೆಬ್ಬೆರಳಿಗೂ ದಾಕ್ಷಿಣ್ಯ ಅಂತ ಒಂದಿರುತ್ತದಲ್ಲ.

ಹೀಗಿರುವಾಗ ನಮ್ಮ ಗುಂಪಿನ ಡಾಕ್ಟರು (ಹಲ್ಲಿನ ಡಾಕ್ಟರು, ಯಾರ ಕೂಗಿಗೂ ಜಗ್ಗದವರು) ಒಂದು ಜಿಪಿಎಸ್ ಡೇಟಾ ಲಾಗರ್ ತಂದರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಕಪ್ಪು ಪೆಟ್ಟಿಗೆ, ಕಾರಿನ ನೆತ್ತಿಯ ಮೇಲೆ ಅಂಟಿಕೊಳ್ಳುವ ಒಂದು ಆಂಟೆನಾ, ನಡುವೆ ಬಾಗಿಲ ಸಂದಿಯಲ್ಲಿ ಹಾದುಹೋಗುವ ವೈರು. ‘ಫೋನಿನಲ್ಲೇ ಜಿಪಿಎಸ್ ಇದೆಯಲ್ಲ ಡಾಕ್ಟ್ರೇ?’ ಎಂದೆ, ನನ್ನ ಕೆಲಸ ಉಳಿಸಿಕೊಳ್ಳುವ ಕೊನೆಯ ಪ್ರಯತ್ನವಾಗಿ. ಸಾಮಾನ್ಯವಾಗಿ ಫೋನು ಸೆಕೆಂಡಿಗೊಮ್ಮೆ ಮಾತ್ರ ಜಾಗ ಗುರುತಿಸುತ್ತದಂತೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು 28 ಮೀಟರ್ ಹೋಗಿರುತ್ತದೆ; ಎರಡು ಚುಕ್ಕೆಗಳ ನಡುವೆ ಒಂದು ತಿರುವಿನ ಮುಕ್ಕಾಲು ಕಥೆ ಮುಗಿದಿರುತ್ತದೆ. ಈ ಪೆಟ್ಟಿಗೆ ಸೆಕೆಂಡಿಗೆ ಹತ್ತು ಸಲ ಚುಕ್ಕೆ ಇಡುತ್ತದೆ. 25 ಸಲ ಇಡುವವೂ ಇವೆ.

2000ದ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಬಿಡುತ್ತಿದ್ದರು. ನೂರು ಮೀಟರ್ ಆಚೀಚೆ ಆಗುತ್ತಿತ್ತು. ಆ ಕಾಲಕ್ಕೆ ಈ ಪೆಟ್ಟಿಗೆ ಇದ್ದಿದ್ದರೆ, ಟ್ರ್ಯಾಕಿನ ಮೇಲೆ ಹಾರಾಡುತ್ತಿರುವ ಡಾಕ್ಟರು ಕ್ಯಾಂಟೀನಿನಲ್ಲಿ ಕೂತಿದ್ದಾರೆ ಎಂದು ತೋರಿಸುತ್ತಿತ್ತು. ಕ್ಲಿಂಟನ್ ಅದನ್ನು ನಿಲ್ಲಿಸಿದರು. ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಎಂದು ಆ ಪುಣ್ಯಾತ್ಮನಿಗೆ ಹೊಳೆದಿರಲಿಕ್ಕಿಲ್ಲ.

ಮೊದಲ ಏಟು ಬಿದ್ದದ್ದು ಸ್ಪೀಡೋಮೀಟರಿಗೆ. ಸ್ಟ್ರೇಟಿನಲ್ಲಿ 160 ಮುಟ್ಟಿಸಿದೆ ಎಂದು ಡಾಕ್ಟರು ಚಹಾ ಹೀರುತ್ತಿದ್ದರು. ಪೆಟ್ಟಿಗೆ 148 ಅಂದಿತು. ಇದರಲ್ಲಿ ಕಾರಿನ ದೋಷವೇನಿಲ್ಲ. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇ ಕೂಡದು, ಹೆಚ್ಚಾದರೆ ಹತ್ತನೇ ಒಂದು ಭಾಗ ಮತ್ತು ಮೇಲೆ ನಾಲ್ಕು ಕಿಲೋಮೀಟರಿನವರೆಗೆ ನಡೆಯುತ್ತದೆ ಎನ್ನುತ್ತದೆ ವಿಶ್ವಸಂಸ್ಥೆಯ ವಾಹನ ನಿಯಮ. ಅಂದರೆ ಇಷ್ಟು ವರ್ಷ ನಮ್ಮವರು ಕೊಚ್ಚಿಕೊಂಡ ಶೌರ್ಯದಲ್ಲಿ ಒಂದು ಪಾಲು ಕಾನೂನು ದಯಪಾಲಿಸಿದ್ದು. ಹವ್ಯಾಸಿ ರೇಸಿನ ಅಸಲು ಬೆಳೆ ಕಪ್ಪಲ್ಲ, ಮಾತು. ಅದರ ಬುಡಕ್ಕೇ ಈಗ ಕೊಡಲಿ.

ಎರಡನೆಯದು ಇನ್ನೂ ದೊಡ್ಡ ಏಟು. ಮಧ್ಯಾಹ್ನ ಅದೇ ಕಾರು, ಅದೇ ಟೈರಿನಲ್ಲಿ ಅತ್ತಿಗೆ, ಅಂದರೆ ಡಾಕ್ಟರ ಹೆಂಡತಿ, ನಾಲ್ಕಾರು ಸುತ್ತು ಹೊಡೆದು ಬಂದರು. ಸದ್ದಿಲ್ಲ, ಹೊಗೆಯಿಲ್ಲ. ಲ್ಯಾಪ್‌ಟಾಪಿನಲ್ಲಿ ಇಬ್ಬರ ಗೆರೆಗಳನ್ನೂ ಒಂದರ ಮೇಲೊಂದು ಇಟ್ಟೆ: ಡಾಕ್ಟರದು ಕೆಂಪು, ಅತ್ತಿಗೆಯದು ನೀಲಿ. ತಿರುವಿನ ಮುಂಚೆ ವೇಗದ ಗೆರೆ ಮೇಲೇರಿ, ತುದಿಯಲ್ಲಿ ಚೂಪಾಗಿ, ಬ್ರೇಕ್ ಒತ್ತಿದೊಡನೆ ಧುಮುಕಬೇಕು. ನೀಲಿ ಹಾಗೇ ಇತ್ತು. ಕೆಂಪಿನ ತುದಿ ಮಾತ್ರ ಇಡ್ಲಿಯ ಹಾಗೆ ದುಂಡಗೆ ಉಬ್ಬಿಕೊಂಡಿತ್ತು. ಅದರರ್ಥ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗಿದೆ, ಬ್ರೇಕಿನ ಮೇಲೆ ಇನ್ನೂ ಇಟ್ಟಿಲ್ಲ.

‘ರೀ, ಇಲ್ಲೇನು ಮಾಡ್ತಿದ್ರಿ?’ ಅತ್ತಿಗೆ ಇಡ್ಲಿಯ ಮೇಲೆ ಬೆರಳಿಟ್ಟು ಕೇಳಿದರು.

‘ಯೋಚನೆ ಮಾಡ್ತಿದ್ದೆ ಕಣೇ.’

‘ಏನಂತ?’

‘ಬ್ರೇಕ್ ಒತ್ತಲೋ ಬೇಡವೋ ಅಂತ.’

ತಿರುವಿನ ಒಳಗೂ ನೀಲಿ ಗೆರೆ ಆರು ಕಿಲೋಮೀಟರ್ ಮೇಲೆಯೇ ಇತ್ತು. ತಿರುವಿನಿಂದ ಹೊರಬರುವಾಗ ಉಳಿಸಿಕೊಂಡ ಆರು, ಮುಂದಿನ ಸ್ಟ್ರೇಟಿನ ಬಹುಪಾಲು ಜೊತೆಗೇ ಓಡುತ್ತದೆ. ಡಾಕ್ಟರು ಅಬ್ಬರಿಸಿ ಗಳಿಸಿದ್ದನ್ನೆಲ್ಲ ಅತ್ತಿಗೆ ಕಳೆದುಕೊಳ್ಳದೆಯೇ ಗಳಿಸಿದ್ದರು.

ಡಾಕ್ಟರು ಉಪಗ್ರಹಗಳ ಮೇಲೆ ತಿರುಗಿಬಿದ್ದರು. ‘20,000 ಕಿಲೋಮೀಟರ್ ಮೇಲಿಂದ ನನ್ನ ಕಾಲು ಎಲ್ಲಿತ್ತು ಅಂತ ಅದಕ್ಕೆ ಹೇಗ್ರೀ ಗೊತ್ತಾಗುತ್ತೆ?’ ನ್ಯಾಯವಾದ ಪ್ರಶ್ನೆಯೇ. ಆದರೆ ಆ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ, ಹಾಗೇ ಬಿಟ್ಟರೆ ದಿನವೊಂದರಲ್ಲೇ ಹತ್ತು ಕಿಲೋಮೀಟರಿನಷ್ಟು ತಪ್ಪು ಕೂಡಿಬರುತ್ತದೆ ಎಂದು ಐನ್‌ಸ್ಟೈನರ ಲೆಕ್ಕ ಹಿಡಿದು ಮೊದಲೇ ತಿದ್ದಿ ಕಳಿಸಿದ್ದಾರೆ. ಅಷ್ಟು ಮುಂದಾಲೋಚನೆಯ ಜನ ಒಬ್ಬ ಹಲ್ಲಿನ ಡಾಕ್ಟರ ಮೇಲೆ ಹಗೆ ಸಾಧಿಸುತ್ತಾರೆಯೆ?

ಪೆಟ್ಟಿಗೆ ಒಂದು ಉಪಕಾರವನ್ನೂ ಮಾಡಿತೆನ್ನಿ. ಅದರ ಸಾಫ್ಟ್‌ವೇರು ಈ ಸುತ್ತಿನ ಒಳ್ಳೆಯ ತುಂಡು, ಆ ಸುತ್ತಿನ ಒಳ್ಳೆಯ ತುಂಡು ಹೆಕ್ಕಿ ಜೋಡಿಸಿ ‘ಐಡಿಯಲ್ ಲ್ಯಾಪ್’ ಎಂದು ಒಂದು ಸಮಯ ಕೊಡುತ್ತದೆ. ಅದು ಯಾರೂ ಓಡಿಸದ ಸುತ್ತು. ಈಗ ನಮ್ಮವರೆಲ್ಲ ಮಾತಾಡುವುದು ಅದನ್ನೇ. ‘ಎಷ್ಟಾಯ್ತು ಗುರೂ?’ ಎಂದರೆ ಓಡಿಸಿದ್ದನ್ನು ಬಿಟ್ಟು ಓಡಿಸಬಹುದಾಗಿದ್ದನ್ನು ಹೇಳುತ್ತಾರೆ. ಪೆಟ್ಟಿಗೆಯ ಮುದ್ರೆ ಬೇರೆ ಬಿದ್ದಿರುವುದರಿಂದ ಎದುರಾಡುವಂತಿಲ್ಲ. ನನ್ನ ಹೆಬ್ಬೆರಳು ಇಷ್ಟು ಉದಾರವಾಗಿ ಎಂದೂ ಇರಲಿಲ್ಲ.

ವಾಪಸು ಬರುವಾಗ ಡಾಕ್ಟರು ಪೆಟ್ಟಿಗೆಯನ್ನು ಆರಿಸಿರಲಿಲ್ಲ. ಮರುದಿನ ಕೂತು, ಅತಿ ಜೋರಿನ ಬ್ರೇಕು ಎಲ್ಲಿ ಬಿದ್ದಿದೆ ಎಂದು ಹುಡುಕಿದೆ. ಟ್ರ್ಯಾಕಿನಲ್ಲಿ ದಿನವಿಡೀ 0.6 ಜಿ ದಾಟದ ಗೆರೆ ರಾತ್ರಿ ಹತ್ತೂ ಮುಕ್ಕಾಲಿಗೆ 0.9 ಮುಟ್ಟಿತ್ತು. ಮ್ಯಾಪನ್ನು ಹಿಗ್ಗಿಸಿದರೆ ಬೆಂಗಳೂರು, ಡಾಕ್ಟರ ಮನೆಯ ಹಿಂದಿನ ಅಡ್ಡರಸ್ತೆ, ಯಾರೋ ರಾತ್ರೋರಾತ್ರಿ ಹಾಕಿ ಬಣ್ಣ ಬಳಿಯದೆ ಬಿಟ್ಟ ಹಂಪು. ಗೆರೆಯ ತುದಿ ಸೂಜಿಯಷ್ಟು ಚೂಪು. ಡಾಕ್ಟರು ಅಲ್ಲಿ ಯೋಚನೆ ಮಾಡಿದ ಕುರುಹೇ ಇರಲಿಲ್ಲ.