ಪಿಸ್ತೂಲಿಗೊಂದು ಶೃಂಗಾರ

ಹಳೇ ಸ್ಕೂಟರಿಗೆ ಹೊಸ ಸೀಟು ಹೊಲಿಸುವ ಹುಮ್ಮಸ್ಸಿನಲ್ಲಿ ಸವೆದ ಪಿಸ್ತೂಲಿಗೂ ಕೈ ಹಾಕೀರಿ, ಜೋಕೆ! 1959ರ ಶಸ್ತ್ರಾಸ್ತ್ರ ಕಾಯ್ದೆಗೆ ನಿಮ್ಮ ಅರದ ಮೇಲೂ ಕಣ್ಣು. ಲೈಸೆನ್ಸ್ ಇಲ್ಲದೆ ರಿಪೇರಿ ಅಂಗಡಿ ತೆರೆಯುವಂತಿಲ್ಲ, ನಳಿಕೆಯನ್ನು ಮನಸ್ಸಿಗೆ ಬಂದಂತೆ ಮೋಟು ಮಾಡುವಂತಿಲ್ಲ. ತಿಕ್ಕುವ ಆಸೆಯೇ ಇದ್ದರೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಿತ್ತಾಳೆ ದೀಪ ಕೊಂಡು ಎಷ್ಟು ಬೇಕಾದರೂ ತಿಕ್ಕಿ, ಕೇಳುವವರಿಲ್ಲ.

ಪಿಸ್ತೂಲಿನ ಚಪಲ ತಡೆಯದವರು ರೈಲು ಹತ್ತಿ ತಿರುವನಂತಪುರಕ್ಕೆ ಹೋಗಲಿ. 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಶೂಟಿಂಗ್ ರೇಂಜ್ ವಟ್ಟಿಯೂರ್ಕಾವಿನಲ್ಲಿದೆ. ಸ್ಪರ್ಧೆಯ ಏರ್ ಪಿಸ್ತೂಲಿನ ಮರದ ಹಿಡಿಕೆಗೆ ನಡೆಯುವ ಉಪಚಾರ ಅಳಿಯನಿಗೂ ಸಿಗಲಿಕ್ಕಿಲ್ಲ. ಹೆಬ್ಬೆರಳಿನ ಬುಡಕ್ಕೆ ಒತ್ತಿತೇ? ಉಪ್ಪುಕಾಗದ ಹಿಡಿದು ಉಜ್ಜಿ. ಜಾಸ್ತಿ ಉಜ್ಜಿಹೋಯಿತೇ? ಪುಟ್ಟಿ ಮೆತ್ತಿ, ಒಣಗಿಸಿ, ಮತ್ತೆ ಉಜ್ಜಿ. ಇಷ್ಟಾದ ಮೇಲೂ ಸ್ಪರ್ಧೆಯ ತಪಾಸಣೆಯಲ್ಲಿ ಪಿಸ್ತೂಲು 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಟ್ರಿಗರ್ 500 ಗ್ರಾಂ ತೂಕವನ್ನು ಜಗ್ಗದೆ ಎತ್ತಬೇಕು. ಇಲ್ಲದಿದ್ದರೆ ಅಲಂಕಾರವೆಲ್ಲ ಮನೆಗೆ ವಾಪಸ್.

ನಮ್ಮ ಕೊಡಗಿನವರೇ ಪುಣ್ಯವಂತರು. ಆಯುಧ ಪೂಜಿಸುವ ಕೈಲ್‌ಪೋಳ್ದ್ ಹಬ್ಬ ಬಂತೆಂದರೆ ಕೋವಿ ಒರೆಸಿ, ಪೂಜೆಗಿಟ್ಟು, ನಳಿಕೆಗೊಂದು ತೋಕ್‌ಪೂ ಸಿಕ್ಕಿಸಿದರೆ ಶೃಂಗಾರ ಮುಗಿಯಿತು. ಹೂವಿನ ಉದ್ದ ಅಳೆಯಲು ಯಾರೂ ಪೆಟ್ಟಿಗೆ ತರುವುದಿಲ್ಲ. ತಂದರೂ ಮೊದಲು ಕಡಂಬುಟ್ಟು, ಪಂದಿಕರಿಯ ಊಟಕ್ಕೆ ಕೂರಿಸುತ್ತಾರೆ.