ಅಥ ಇಂಟ್-ಅರೇ ಮೀಮಾಂಸೆ

‘ಬಿಂದುತ್ರಯಾದ್ ಬಹುತ್ವಮ್’ ಎಂಬುದು ಮೂಲಸೂತ್ರ. (ಸೂತ್ರ ನಾನೇ ಕಟ್ಟಿದ್ದು, ಪಾಣಿನಿಯನ್ನು ದೂರಬೇಡಿ.) ಮೆಥಡ್ಡಿನ ಕೊನೆಯ ಪ್ಯಾರಾಮೀಟರಿನಲ್ಲಿ ಟೈಪಿನ ಬಳಿಕ ಮೂರು ಚುಕ್ಕಿ ಇಟ್ಟರೆ ಎಷ್ಟು ಆರ್ಗ್ಯುಮೆಂಟನ್ನಾದರೂ ಕೊಡಬಹುದು, ಕೊಡದೆಯೂ ಇರಬಹುದು ಎಂದು ಅರ್ಥ. 2004ರಲ್ಲಿ ಜಾವಾ 5 ಇದನ್ನು ಜಾರಿಗೆ ತಂದಿತು. ವಿವಾದವೂ ಅಂದೇ ಹುಟ್ಟಿತು.

ಪೂರ್ವಪಕ್ಷಿ ಹೇಳುತ್ತಾನೆ: ‘1, 2, 3 ತುಂಬಿದ ಇಂಟ್ ಅರೇಯನ್ನು ಅರೇಸ್ ಕ್ಲಾಸಿನ ಆ್ಯಸ್‌ಲಿಸ್ಟ್ ಮೆಥಡ್ಡಿಗೆ ಕೊಟ್ಟೆ. ಸೈಜ್ ಕೇಳಿದರೆ 1 ಎನ್ನುತ್ತದೆ. 2 ಇದೆಯೇ ಎಂದರೆ ಫಾಲ್ಸ್. ಪ್ರಿಂಟ್ ಮಾಡಿದರೆ ಎರಡು ಚೌಕ ಕಂಸ, ಒಂದು ಐ ಅಕ್ಷರ, ಆ್ಯಟ್ ಚಿಹ್ನೆ, ಆಮೇಲೆ ಏನೇನೋ. ಇದು ಯಾವ ದೇವತೆಯ ಬೀಜಾಕ್ಷರ?’

ಸಿದ್ಧಾಂತಿಯ ಸಮಾಧಾನ: ದೇವತೆಯದಲ್ಲ. ಕಂಸವೂ ಐ ಅಕ್ಷರವೂ ಸೇರಿ ಇಂಟ್ ಅರೇಗೆ ಜೆವಿಎಂ ಇಟ್ಟುಕೊಂಡ ಒಳಹೆಸರು, ಹೊರಗಿನ ಕಂಸ ಲಿಸ್ಟಿನದು, ಉಳಿದದ್ದು ಹ್ಯಾಶ್‌ಕೋಡ್. ಆ್ಯಸ್‌ಲಿಸ್ಟ್‌ನಲ್ಲಿ ಮೂರು ಚುಕ್ಕಿಯ ಮುಂಚೆ ಇರುವುದು ಜೆನೆರಿಕ್ ಟೈಪ್; ಆ ಪೀಠದಲ್ಲಿ ಇಂಟ್‌ನಂಥ ಪ್ರಿಮಿಟಿವ್ ಕೂರುವಂತಿಲ್ಲ. ಆದರೆ ಇಂಟ್ ಅರೇ ಮಾತ್ರ ಸಾಕ್ಷಾತ್ ಆಬ್ಜೆಕ್ಟ್. ಹಾಗಾಗಿ ಕಂಪೈಲರ್, ಮದುವೆಗೆ ಬಂದ ದಿಬ್ಬಣದ ಬಸ್ಸಿನಿಂದ ಯಾರನ್ನೂ ಇಳಿಸದೆ ಬಸ್ಸಿಗೇ ಒಂದು ಎಲೆ ಹಾಕಿಬಿಡುತ್ತದೆ.

‘ಆಟೋಬಾಕ್ಸಿಂಗ್ ಎಲ್ಲಿ ಹೋಯಿತು?’ ಅದು ಬಿಡಿ ಬೆಲೆಗಳಿಗೆ ಮಾತ್ರ. ಅರೇಗೆ ಇಡಿಯಾಗಿ ಅನ್ವಯಿಸದು. 1, 2, 3 ಎಂದು ಬಿಡಿಬಿಡಿಯಾಗಿ ಬರೆದರೆ ಮೂರೂ ಸಿಗುತ್ತವೆ. ಇಂಟೀಜರ್ ಅರೇ, ಸ್ಟ್ರಿಂಗ್ ಅರೇ ಕೊಟ್ಟರೂ ಸರಿಯಾಗಿ ಹರಡಿಕೊಳ್ಳುತ್ತವೆ. ಇಂಟ್‌ನಂಥ ಪ್ರಿಮಿಟಿವ್‌ಗಳ ಅರೇಗೆ ಮಾತ್ರ ಪಂಕ್ತಿಭೇದ!

ಸ್ಟ್ರಿಂಗ್ ಫಾರ್ಮ್ಯಾಟಿಗೆ ಪೂರ್ಣಾಂಕದ ಗುರುತಿನ ಜೊತೆ ಇಂಟ್ ಅರೇ ಕೊಟ್ಟು ನೋಡಿ, ಎಕ್ಸೆಪ್ಶನ್ ಎಸೆದು ರಂಪ ಮಾಡುತ್ತದೆ. ಅದು ಮರ್ಯಾದಸ್ಥರ ಲಕ್ಷಣ. ಆ್ಯಸ್‌ಲಿಸ್ಟ್ ತುಟಿ ಬಿಚ್ಚುವುದಿಲ್ಲ. ಜಾವಾ 1.4ರ ಕಾಲದಲ್ಲಿ ಅದು ಬರೀ ಆಬ್ಜೆಕ್ಟ್ ಅರೇ ಬೇಡುತ್ತಿತ್ತು. ಇಂಟ್ ಅರೇ ಕೊಟ್ಟರೆ ಕಂಪೈಲೇ ಆಗುತ್ತಿರಲಿಲ್ಲ. ಚುಕ್ಕಿ ಇಟ್ಟದ್ದೇ ತಡ, ಎರರ್ ಹೋಯಿತು, ತಪ್ಪು ಉಳಿಯಿತು. ಕಲೆಕ್ಷನ್ಸ್ ಫ್ರೇಮ್‌ವರ್ಕ್ ಕಟ್ಟಿದ ಜೋಶುವಾ ಬ್ಲಾಕ್ ಅವರೇ ‘ಎಫೆಕ್ಟಿವ್ ಜಾವಾ’ದ ಎರಡನೇ ಆವೃತ್ತಿಯಲ್ಲಿ ಈ ಮಾರ್ಪಾಡನ್ನು ದಾರಿತಪ್ಪಿದ ತೀರ್ಮಾನವೆಂದು ಒಪ್ಪಿದ್ದಾರೆ. ಭಾಷ್ಯಕಾರರೇ ಕೈಚೆಲ್ಲಿದ ಮೇಲೆ ನನ್ನಂಥ ಟಿಪ್ಪಣಿಕಾರನದೇನು?

ಪ್ರಾಯಶ್ಚಿತ್ತ ವಿಧಿ: ಪ್ರಿಂಟಿಗೆ ಅರೇಸ್‌ನ ಟುಸ್ಟ್ರಿಂಗ್ ಸಾಕು. ಲಿಸ್ಟೇ ಬೇಕೆಂದರೆ ಜಾವಾ 8ರಿಂದ ಸ್ಟ್ರೀಮ್ ಮಾಡಿ, ಬಾಕ್ಸ್ಡ್ ಎಂದು ಕರೆದು, ಲಿಸ್ಟಿಗೆ ತುಂಬಿಕೊಳ್ಳಬಹುದು. ಸ್ವಂತ ಮೆಥಡ್ ಬರೆಯುವವರಲ್ಲಿ ಒಂದು ವಿನಂತಿ: ಬರುವುದು ಬರೀ ಇಂಟ್‌ಗಳಾದರೆ ಚುಕ್ಕಿಗಳ ಮುಂಚೆ ಆಬ್ಜೆಕ್ಟ್ ಎನ್ನದೆ ಇಂಟ್ ಎಂದೇ ಬರೆಯಿರಿ. ಇಂಟ್ ಅರೇ ತಕರಾರಿಲ್ಲದೆ ಒಳಗೆ ಬರುತ್ತದೆ.